ವೆಬ್ಲಿಯ ಮೈಮೇಲಿನ ಮುದ್ರೆಗಳು

ಬ್ರಿಟಿಷ್ ಸೇನೆಯ ವೆಬ್ಲಿ ರಿವಾಲ್ವರ್ ಕೈಗೆ ಸಿಕ್ಕರೆ ಮೊದಲು ಹಿಡಿಕೆ ನೋಡಬೇಕು. 1887ರ ಮೊದಲ ಮಾರ್ಕ್‌ನಿಂದ ಐದನೆಯದರವರೆಗಿನ ಮಾದರಿಗಳಲ್ಲಿ ಅದು ಕೊಕ್ಕಿನಂತೆ ಬಾಗಿರುತ್ತದೆ. 1915ರಲ್ಲಿ ಬಂದ ಆರನೆಯದಕ್ಕೆ ಚೌಕನೆಯ ಹಿಡಿಕೆ, ಆರು ಇಂಚಿನ ನಳಿಗೆ. ಚಿಲಕ ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಚಿದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಹೊರಬೀಳುತ್ತವೆ. ಬರ್ಮಿಂಗ್‌ಹ್ಯಾಮ್‌ನ ಕುಶಲಕರ್ಮಿಗಳ ಜಾಣತನಕ್ಕೆ ಇಷ್ಟೇ ಸಾಕ್ಷಿ ಸಾಕು.

ಆದರೆ ನಿಜವಾದ ರುಚಿ ಇರುವುದು ಉಕ್ಕಿಗೆ ಒತ್ತಿದ ಮುದ್ರೆಗಳಲ್ಲಿ. ಅಗಲ ಬಾಣದ ಗುರುತಿದ್ದರೆ ಅದು ಸರ್ಕಾರದ ಸ್ವತ್ತು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೇನೆ ಅದನ್ನು ಮಾರಿ ಕೈತೊಳೆದುಕೊಂಡಿದೆ ಎಂದರ್ಥ. ಬಾಣವೇ ಇಲ್ಲವೆಂದು ನಕಲಿ ಎನ್ನಬೇಡಿ. ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಂಡವೂ ಇದ್ದವು. ಹಿಡಿಕೆಯ ಹಿಂಬದಿಯ ಪಟ್ಟಿಯಲ್ಲಿ ಒಮ್ಮೊಮ್ಮೆ ರೆಜಿಮೆಂಟಿನ ಅಕ್ಷರಗಳು, ಆಯುಧದ ಸಂಖ್ಯೆ ಸಿಗುತ್ತವೆ. ಅಲ್ಲಿಂದ ದಫ್ತರಗಳ ಹುಡುಕಾಟ ಶುರು.

ತೋಟಾ ಚಕ್ರದ ಹಿಂಬದಿಯನ್ನು ಸವೆಸಿದ್ದರೆ ಅದು ಬಹುಶಃ ಅಮೆರಿಕ ಕಂಡ ಬಂದೂಕು: ಅಲ್ಲಿ ಸುಲಭವಾಗಿ ಸಿಗುವ .45 ಎಸಿಪಿ ತೋಟಾ ಹಿಡಿಸಲು ಮಾಡಿದ ಕೆಲಸ. ಸಂಗ್ರಾಹಕರು ಅದಕ್ಕೆ ಮೂಗು ಮುರಿಯುತ್ತಾರೆ. ನನಗೆ ಅದೂ ಚರಿತ್ರೆಯೇ. ನಿಜಕ್ಕೂ ಸಿಟ್ಟು ಬರಿಸುವುದು ಹೊಳಪಿನ ಹುಚ್ಚು. ಉಜ್ಜಿ ಉಜ್ಜಿ ಮುದ್ರೆಗಳನ್ನೇ ಅಳಿಸಿದ ಮೇಲೆ ಓದಲು ಏನು ಉಳಿಯಿತು?

ಅಂದಹಾಗೆ, ಎಲ್ಲ ಆರನೇ ಮಾರ್ಕ್‌ಗಳೂ ವೆಬ್ಲಿ ಕಾರ್ಖಾನೆಯವಲ್ಲ. 1921ರಿಂದ ಕೆಲ ವರ್ಷ ಸರ್ಕಾರದ ಎನ್‌ಫೀಲ್ಡ್ ಕಾರ್ಖಾನೆಯೂ ಅವನ್ನು ತಯಾರಿಸಿತು. ಅವುಗಳ ಮೇಲೆ ಕಾರ್ಖಾನೆಯ ಹೆಸರೇ ಇರುತ್ತದೆ.