ಮರಳ ಕಣದ ಹಾಡು

ಭಕ್ತಿಗೀತೆಯೆಂದರೆ ಹಾಡುವವನಿಗೂ ಅವನ ದೇವರಿಗೂ ನಡುವಿನ ಮಾತು, ಮೂರನೆಯವನಿಗೆ ಅಲ್ಲಿ ಕೆಲಸವಿಲ್ಲ ಎಂದು ಹಿಂದೆ ನಂಬಿದ್ದೆವು. ಈಗ ಮೂರನೆಯವನಿಗಾಗಿಯೇ ಹಾಡು ಸಿದ್ಧವಾಗುತ್ತಿದೆ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳಿಂದ ಹೊರಡುವ ಎಷ್ಟೋ ಹಾಡುಗಳು ದೇವರನ್ನು ಕರೆಯುವುದಿಲ್ಲ, ಎದುರು ಬೀದಿಯವರನ್ನು ಕೆಣಕುತ್ತವೆ. ಇದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. ನಾತ್‌ಗಳಿಗೆ ಸಿನಿಮಾ ತಾಳ ಕೂಡಿಸಿ ಕಿವಿ ಗಡಚಿಕ್ಕುವಂತೆ ಬಾರಿಸುವ ಹುಡುಗರು ನಮ್ಮ ಬೀದಿಗಳಲ್ಲೂ ಇದ್ದಾರೆ. ಇಂಥ ಕಾಲದಲ್ಲಿ ಇನ್ನೊಂದು ಧರ್ಮದವರ ಭಕ್ತಿಯ ಹಾಡನ್ನು ಮನಸಾರೆ ಮೆಚ್ಚುವುದು ಸಾಧ್ಯವೇ? ಸಾಧ್ಯವೆಂದು ನನಗೆ ತೋರಿಸಿಕೊಟ್ಟದ್ದು ನಮ್ಮ ಓದುಗರಲ್ಲಿ ಹಲವರು ಹೆಸರನ್ನೂ ಕೇಳಿರದ ಒಂದು ಬಗೆಯ ಸಂಗೀತ: ಕ್ರೈಸ್ತ ರಾಕ್.

ವಿದ್ಯುತ್ ಗಿಟಾರು, ಡ್ರಮ್ಮು, ಏರು ದನಿ, ಇವಿಷ್ಟು ರಾಕ್ ಸಂಗೀತದ ಹೊರರೂಪ. ಅಮೆರಿಕದ ಎಷ್ಟೋ ಚರ್ಚುಗಳು ಅದನ್ನು ಸೈತಾನನ ಸಂಗೀತವೆಂದೇ ದೂರವಿಟ್ಟಿದ್ದವು. ಲ್ಯಾರಿ ನಾರ್ಮನ್ ಎಂಬ ಗಾಯಕ 1969ರಲ್ಲಿ ‘ಅಪಾನ್ ದಿಸ್ ರಾಕ್’ ಎಂಬ ಆಲ್ಬಂ ತಂದು ಅದೇ ಗಿಟಾರಿನಲ್ಲಿ ಯೇಸುವನ್ನು ಹಾಡಿದರು. ಒಳ್ಳೆಯ ಸಂಗೀತವನ್ನೆಲ್ಲ ಸೈತಾನನಿಗೇ ಏಕೆ ಬಿಟ್ಟುಕೊಡಬೇಕು ಎನ್ನುವುದು ಅವರ ತಕರಾರು. ನಮಗೆ ಈ ಜಗಳ ಹೊಸದೇನಲ್ಲ. ಸಮಾ ಕೂಡದೆನ್ನುವವರೂ ಕೂಡುವುದೆನ್ನುವವರೂ ನಮ್ಮಲ್ಲಿ ಶತಮಾನಗಳಿಂದ ವಾದಿಸುತ್ತ ಬಂದಿದ್ದಾರೆ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಅದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ನಾರ್ಮನ್‌ರ ಬೆನ್ನಿಗೆ ಬಂದವರಲ್ಲಿ ಬಹುಪಾಲು ಮಂದಿ ಮಾಡಿದ್ದು ಧರ್ಮದ ಜಾಹೀರಾತು. ಅವರನ್ನು ಬಿಟ್ಟು ಮುಂದೆ ಹೋಗೋಣ.

ನಿಜವಾದ ಪರೀಕ್ಷೆ ನಡೆದದ್ದು ಬಾಬ್ ಡಿಲನ್ ಅವರಲ್ಲಿ. ಯಹೂದಿ ಕುಟುಂಬದಲ್ಲಿ ಹುಟ್ಟಿ, ಪ್ರತಿಭಟನೆಯ ಹಾಡುಗಳಿಂದ ಒಂದು ತಲೆಮಾರಿನ ಕವಿಯೆನಿಸಿಕೊಂಡು, ಮುಂದೆ 2016ರಲ್ಲಿ ನೊಬೆಲ್ ಪಡೆದ ಈ ಗಾಯಕರು ಎಪ್ಪತ್ತರ ದಶಕದ ಕೊನೆಗೆ ಕ್ರೈಸ್ತರಾದರು. 1979ರ ‘ಸ್ಲೋ ಟ್ರೇನ್ ಕಮಿಂಗ್’ ಆ ಆವೇಶದ ಮೊದಲ ಫಲ. ವಾದ್ಯಗಾರಿಕೆ ಅದ್ಭುತ, ಮಾರ್ಕ್ ನಾಫ್ಲರ್ ಅವರ ಗಿಟಾರು ನೀರಿನಂತೆ ಹರಿಯುತ್ತದೆ. ಆದರೆ ಹಾಡುಗಳಲ್ಲಿ ತೀರ್ಪುಗಾರನ ದನಿಯಿದೆ. ನಂಬಿದವರು ಈಚೆ, ನಂಬದವರು ಆಚೆ. ಆ ವರ್ಷದ ಕಛೇರಿಗಳಲ್ಲಿ ಹಳೆಯ ಹಾಡುಗಳನ್ನು ಹಾಡಲು ಒಪ್ಪದೆ ವೇದಿಕೆಯಿಂದಲೇ ಅವರು ಉಪದೇಶ ಮಾಡಿದರು, ಕೆಲವು ಕೇಳುಗರು ಕೂಗಿ ಪ್ರತಿಭಟಿಸಿದರು. ಒಂದು ತಮಾಷೆಯೂ ಇದೆ: ಆ ಆಲ್ಬಂನ ನಿರ್ಮಾಪಕರಲ್ಲಿ ಒಬ್ಬರಾದ ಜೆರ್ರಿ ವೆಕ್ಸ್ಲರ್ ಯಹೂದಿ ಮೂಲದ ನಾಸ್ತಿಕರು. ನನ್ನ ಮಟ್ಟಿಗೆ ಅದು ಕೇಳಿ ತಲೆದೂಗುವ, ಆದರೆ ಒಳಗೆ ಕರೆಯದ ಆಲ್ಬಂ. ಅದರ ಬಾಗಿಲಲ್ಲಿ ನಿಂತವನಿಗೆ ಮೊದಲು ಗುರುತಿನ ಚೀಟಿ ಕೇಳಲಾಗುತ್ತದೆ.

ಎರಡು ವರ್ಷಗಳ ನಂತರ, 1981ರ ‘ಶಾಟ್ ಆಫ್ ಲವ್’ನ ಕೊನೆಯ ಹಾಡು ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ ಬೇರೆಯೇ ಮನುಷ್ಯ ಹಾಡಿದಂತಿದೆ. ಉಪದೇಶವಿಲ್ಲ. ಸೋತು ಕೂತವನೊಬ್ಬ ತನ್ನ ತಪ್ಪುಗಳ ಮುಂದೆ ಒಂಟಿಯಾಗಿದ್ದಾನೆ. ದೇವರು ಹತ್ತಿರವಿದ್ದಾನೆಂದು ಒಮ್ಮೆ ಅನಿಸುತ್ತದೆ, ಇನ್ನೊಮ್ಮೆ ತಾನೊಬ್ಬನೇ ಎಂದು ಅನಿಸುತ್ತದೆ. ಎರಡನ್ನೂ ಮುಚ್ಚಿಡದೆ ಹೇಳುತ್ತಾನೆ. ಅದೇ ಗಾಯಕ, ಅದೇ ಧರ್ಮ. ಬದಲಾದದ್ದು ಹಾಡಿನ ಮುಖ: ಮೊದಲು ಅದು ಕೇಳುಗನ ಕಡೆಗಿತ್ತು, ಈಗ ದೇವರ ಕಡೆಗೆ ತಿರುಗಿದೆ.

ಈ ಹಾಡು ನನಗೆ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಹರಿಹರದಿಂದ ದಿನವೂ ದಾವಣಗೆರೆಯ ಕಾಲೇಜಿಗೆ ಬರುತ್ತಿದ್ದ ಗೆಳೆಯನೊಬ್ಬ, ಆರೋಗ್ಯ ಮಾತೆಯ ಚರ್ಚಿನ ಹಾಡುಗಾರರ ಗುಂಪಿನವನು, ಅದನ್ನು ಕೊಟ್ಟಿದ್ದ. ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡಕ್ಕೆ ಬಂದ ನನಗೆ ಆ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯಲಿಲ್ಲ. ‘ಗ್ರೇನ್’ ಎಂದರೇನು ಎಂದು ಕೇಳಿದೆ. ಕಾಳಿಗೂ ಕಣಕ್ಕೂ ಅವರಲ್ಲಿ ಅದೊಂದೇ ಪದ ಎಂದ. ನನ್ನ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರು. ನಸುಕಿಗೇ ಆನೆಕೊಂಡದಿಂದ ಸೈಕಲ್ ತುಳಿದು ಹೋಗುತ್ತಿದ್ದರು. ಉಪ್ಪುನೀರು ಕುಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಕ್ಷಣದಲ್ಲಿ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಕಾಳು ಮತ್ತು ಕಣ ಒಂದೇ ಬಾಣಲೆಯಲ್ಲಿ. ಸಂಜೆ ಅಬ್ಬಾ ಅಂಗಿ ಕೊಡವಿದರೆ ಅಂಗಳದಲ್ಲಿ ಮರಳು ಉದುರುತ್ತಿತ್ತು. ಆ ಮರಳಿಗೂ ಲೆಕ್ಕವಿದೆ, ನೋಡುವವನಿದ್ದಾನೆ ಎಂದು ಅಮೆರಿಕದ ಗಾಯಕನೊಬ್ಬ ಹಾಡುತ್ತಿದ್ದಾನೆ ಎಂಬುದು ನನಗೆ ಆ ವಯಸ್ಸಿನಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಈ ಭಾವ ನಮಗೆ ಅಪರಿಚಿತವೂ ಅಲ್ಲ. ಉದುರುವ ಎಲೆಯೂ ನೆಲದ ಕತ್ತಲೆಯಲ್ಲಿ ಅಡಗಿದ ಕಾಳೂ ಅಲ್ಲಾಹನ ಅರಿವಿನಿಂದ ಹೊರಗಿಲ್ಲ ಎಂಬುದು ಅಲ್ ಅನ್‌ಆಮ್ ಅಧ್ಯಾಯದ 59ನೇ ಸೂಕ್ತದ ಆಶಯ. ಡಿಲನ್ ಅದನ್ನು ಓದಿ ಬರೆದರೆಂದು ನಾನು ಹೇಳುತ್ತಿಲ್ಲ. ಅವರ ಬೇರು ಬೈಬಲಿನಲ್ಲಿದೆ. ಹೋಲಿಕೆ ಕಂಡೊಡನೆ ‘ಎಲ್ಲವೂ ಒಂದೇ’ ಎಂದು ಕೈತೊಳೆದುಕೊಳ್ಳುವ ಸೋಮಾರಿತನವೂ ಬೇಡ. ಯೇಸು ಅವರಿಗೆ ದೇವಪುತ್ರ, ನಮಗೆ ಪ್ರವಾದಿ ಈಸಾ. ಈ ಅಂತರ ಹಾಡಿನಿಂದ ಅಳಿಯುವುದಿಲ್ಲ, ಅಳಿಯಬೇಕಾಗಿಯೂ ಇಲ್ಲ.

ಐರ್ಲೆಂಡಿನ ಯು2 ತಂಡದವರದು ಇನ್ನೊಂದು ದಾರಿ. ರಾಕ್ ಮತ್ತು ಧರ್ಮಶ್ರದ್ಧೆ ಒಟ್ಟಿಗೆ ಸಾಗುವುದೇ ಎಂಬ ಒತ್ತಡದಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಅವರು ಬಹಳ ತೊಳಲಿದರು. 1983ರ ‘ವಾರ್’ ಆಲ್ಬಂನ ಕೊನೆಯ ಹಾಡಿಗೆ ಬರೀ ‘40’ ಎಂದು ಹೆಸರು. ಅದರ ಆಧಾರ ಬೈಬಲಿನ 40ನೇ ಕೀರ್ತನೆ. ಕೀರ್ತನೆಗಳೆಂದರೆ ನಮ್ಮ ಪಾಲಿಗೆ ದಾವೂದರ (ಅ) ಝಬೂರ್‌ನ ನೆನಪು. ಉರ್ದುವಿನಲ್ಲಿ ಒಳ್ಳೆಯ ಕಂಠಕ್ಕೆ ಈಗಲೂ ‘ಲಹನ್-ಎ-ದಾವೂದಿ’ ಎನ್ನುತ್ತೇವೆ. ಕಛೇರಿಯ ಕೊನೆಗೆ ಇದನ್ನು ಹಾಡುತ್ತ ವಾದಕರು ಒಬ್ಬೊಬ್ಬರಾಗಿ ವೇದಿಕೆ ಬಿಟ್ಟು ಹೋಗುತ್ತಿದ್ದರು, ಸಭೆ ಹಾಡುತ್ತಲೇ ಇರುತ್ತಿತ್ತು. ಹಾಡಿನ ಪಲ್ಲವಿ ಕೃತಜ್ಞತೆಯಲ್ಲ, ದೂರು. ಇನ್ನೆಷ್ಟು ಕಾಲ ಎಂಬ ದೂರು. ಇಕ್ಬಾಲರ ‘ಶಿಕ್ವಾ’ವನ್ನು ಬಲ್ಲವರಿಗೆ ದೇವರೊಡನೆ ಹೀಗೆ ಜಗಳ ಕಾಯುವ ಸಲಿಗೆ ಗೊತ್ತಿದೆ. ಆ ಪದ್ಯಕ್ಕೆ ಮೊದಲು ಸಿಟ್ಟಾದವರು ನಮ್ಮವರೇ.

ಹೀಗೆ ಗಡಿ ದಾಟಿದ ಹಾಡು ಇದೊಂದೇ ಅಲ್ಲ. ‘ಮಾರ್ನಿಂಗ್ ಹ್ಯಾಸ್ ಬ್ರೋಕನ್’ ಎಂಬ ಕ್ರೈಸ್ತ ಸ್ತೋತ್ರವನ್ನು 1971ರಲ್ಲಿ ಜಗತ್ತಿನ ಮನೆಮನೆಗೆ ಮುಟ್ಟಿಸಿದ ಕ್ಯಾಟ್ ಸ್ಟೀವನ್ಸ್ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. ಗಿಟಾರನ್ನು ದೂರವಿಟ್ಟ ಅವರು 2006ರ ಆಲ್ಬಂನೊಂದಿಗೆ ಮತ್ತೆ ಆ ಸಂಗೀತಕ್ಕೆ ಮರಳಿದರು. ಇಂಗ್ಲೆಂಡಿನ ತನಕ ಹೋಗುವುದೂ ಬೇಕಿಲ್ಲ. ಮೊಹರಂನಲ್ಲಿ ನಮ್ಮ ನಾಡಿನ ಹಳ್ಳಿಗಳ ಹಿಂದೂ ಹಾಡುಗಾರರು ರಿವಾಯತ್ ಪದಗಳಲ್ಲಿ ಕರ್ಬಲಾದ ದುಃಖವನ್ನು ಕನ್ನಡದಲ್ಲಿ ತೋಡಿಕೊಳ್ಳುತ್ತಾರೆ. ಯಾರನ್ನೂ ಕೆಣಕಲು ಅಲ್ಲ; ಆ ದುಃಖ ಅವರದೂ ಆಗಿದೆ.

‘ಶಾಟ್ ಆಫ್ ಲವ್’ ಇಡಿಯಾಗಿ ದೊಡ್ಡ ಆಲ್ಬಂ ಅಲ್ಲ. ಅವಸರದಲ್ಲಿ ಹೊಲಿದಂಥ ಹಾಡುಗಳು ಅದರಲ್ಲಿವೆ. ಕೊನೆಯದನ್ನು ಮಾತ್ರ ಬಿಡಬೇಡಿ. ಇಂಗ್ಲಿಷ್ ಪೂರ್ತಿ ತಿಳಿಯದವರೂ ಅದರಲ್ಲಿನ ಹಾರ್ಮೋನಿಕಾಕ್ಕೆ ಕಿವಿಗೊಡಬಹುದು. ಮಾತು ಮುಗಿದ ಮೇಲೂ ಅದು ಯಾರನ್ನೋ ಬೇಡುತ್ತಲೇ ಇರುತ್ತದೆ.