ತೀರ್ಥದ ಬೀಜ, ಉತಾರದ ಹೆಸರು

ಸಾವಿ ಕುಟ್ಟಿ ಅಕ್ಕಿ ಮಾಡುವುದನ್ನು ಹತ್ತಿರ ಕೂತು ನೋಡಿದವರು ಸಿರಿಧಾನ್ಯದ ಬಗ್ಗೆ ಅಷ್ಟು ಬೇಗ ಭಾವುಕರಾಗುವುದಿಲ್ಲ. ಜೋಳಕ್ಕೆ, ರಾಗಿಗೆ ಈ ಕಾಟವಿಲ್ಲ. ರಾಶಿ ಮಾಡಿ ತೂರಿದರೆ ಕಾಳು ಗಿರಣಿಗೆ ಸಿದ್ಧ. ಸಾವಿ, ನವಣೆ, ಹಾರಕ, ಕೊರಲೆಗಳು ಹಾಗಲ್ಲ, ಅವುಗಳ ಮೈಗೆ ಗಟ್ಟಿ ಸಿಪ್ಪೆ ಅಂಟಿರುತ್ತದೆ. ಬಿಸಿಲಿಗೆ ಒಣಹಾಕಬೇಕು, ಬೀಸುವ ಕಲ್ಲಿನಲ್ಲಿ ಹಗುರಾಗಿ ಆಡಿಸಬೇಕು, ಮೊರದಲ್ಲಿ ಕೇರಬೇಕು, ಒಳ್ಳಿಗೆ ಸುರಿದು ಒನಕೆಯಿಂದ ಕುಟ್ಟಬೇಕು, ಮತ್ತೆ ಕೇರಬೇಕು. ಕಾಳೋ ಸಾಸಿವೆಯಷ್ಟು. ಪೆಟ್ಟು ಜೋರಾದರೆ ನುಚ್ಚು, ಮೆತ್ತಗಾದರೆ ಸಿಪ್ಪೆ ಹಾಗೇ. ಗಂಡಸರು ಈ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಪಡಿತರದ ಅಕ್ಕಿ ಬಂದದ್ದೇ ಹೆಣ್ಣುಮಕ್ಕಳು ಒನಕೆಯನ್ನು ಮೂಲೆಗೆ ಆನಿಸಿ ನಿಲ್ಲಿಸಿದರು. ಸರಿಯಾಗಿಯೇ ಮಾಡಿದರು.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಕೆಲಸವನ್ನು ಅಳೆಯಬೇಕಾದರೆ ಆ ಒನಕೆಯಿಂದಲೇ ಶುರುಮಾಡಬೇಕು. 2018ರಲ್ಲಿ ಸುಮಾರು ಹದಿನೈದು ಹೆಂಗಸರು ಕೂಡಿ ಕಟ್ಟಿದ ಸಂಘ ಇದು. ಸಹಜ ಸಮೃದ್ಧ, ಸೆಲ್ಕೋ ಫೌಂಡೇಶನ್ ಮುಂತಾದ ಸಂಸ್ಥೆಗಳು ಕೈಜೋಡಿಸಿದವು. ಸಮುದಾಯ ಬೀಜ ಬ್ಯಾಂಕು ಬಂತು, ಸೌರ ವಿದ್ಯುತ್ತಿನ ಆಸರೆಯ ಸಿರಿಧಾನ್ಯ ಸಂಸ್ಕರಣಾ ಘಟಕ ಬಂತು. 2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯೂ ಬಂತು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 700 ನಾಮನಿರ್ದೇಶನಗಳಲ್ಲಿ ಆಯ್ಕೆಯಾದ ಹತ್ತರಲ್ಲಿ ಭಾರತದ್ದು ಇದೊಂದೇ. ಮೊತ್ತ 10,000 ಡಾಲರ್. ಇದಕ್ಕೆ ‘ಜೀವವೈವಿಧ್ಯದ ನೊಬೆಲ್’ ಎಂಬ ಬಿರುದನ್ನು ಪತ್ರಿಕೆಗಳು ತಾವೇ ಕಟ್ಟಿದವು. ನೊಬೆಲ್ ಹೆಸರು ಹೇಳದೆ ನಮಗೆ ಯಾವ ಪ್ರಶಸ್ತಿಯೂ ದೊಡ್ಡದೆನಿಸುವುದಿಲ್ಲ, ಇರಲಿ.

ಪ್ರಶಸ್ತಿ ಸಂದಿದ್ದು ನ್ಯಾಯವೇ. ನನ್ನ ತಕರಾರು ಹೊಗಳಿಕೆಯ ಧಾಟಿಯ ಮೇಲೆ. ಭೂತಾಯಿಯ ಮಕ್ಕಳು, ಪ್ರಕೃತಿಯ ಜೊತೆ ಹೆಣ್ಣಿನ ಕರುಳ ನಂಟು, ಬೀಜಮಾತೆಯರು ಎಂಬ ಮಾತುಗಳು ಧಾರಾಳವಾಗಿ ಹರಿದವು. ಸೀಮಾ ಅರೋರಾ ಯೋನ್ಸನ್ ಎಂಬ ವಿದ್ವಾಂಸೆ 2011ರ ಪ್ರಬಂಧವೊಂದರಲ್ಲಿ ಈ ಚಾಳಿಯನ್ನು ಸರಿಯಾಗಿ ಹಿಡಿದಿದ್ದರು: ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಹೆಣ್ಣು ಎರಡೇ ವೇಷದಲ್ಲಿ ಬರುತ್ತಾಳೆ, ಒಂದೋ ಏನೂ ಕೈಲಾಗದ ಬಡಪಾಯಿ, ಇಲ್ಲವೇ ಪರಿಸರದ ಸಾಧ್ವಿ. ಎರಡೂ ವೇಷಗಳ ಅನುಕೂಲ ಒಂದೇ, ಯಾರ ಹಕ್ಕಿನ ಪ್ರಶ್ನೆಯೂ ಏಳುವುದಿಲ್ಲ.

ಬಡಪಾಯಿ ವೇಷಕ್ಕೆ ಒಂದು ಅಂಕಿ ಖಾಯಂ ಒಡವೆಯಾಗಿದೆ. ವಿಪತ್ತಿನಲ್ಲಿ ಗಂಡಸರಿಗಿಂತ ಹೆಂಗಸರು ಸಾಯುವ ಸಂಭವ 14 ಪಟ್ಟು ಎಂಬುದು ಎಲ್ಲ ಭಾಷಣಗಳಲ್ಲೂ ಕೇಳಿಬರುತ್ತದೆ. ಅದರ ಬುಡ ಹುಡುಕಿ ಹೋದವರಿಗೆ ಗಟ್ಟಿ ಅಧ್ಯಯನ ಯಾವುದೂ ಸಿಕ್ಕಿಲ್ಲ. ಹಾಗಂತ ವ್ಯತ್ಯಾಸವೇ ಸುಳ್ಳಲ್ಲ. 1991ರ ಬಾಂಗ್ಲಾದೇಶದ ಚಂಡಮಾರುತದಲ್ಲಿ ಸತ್ತ ಸುಮಾರು 1.4 ಲಕ್ಷ ಜನರಲ್ಲಿ ಹೆಂಗಸರೇ ಬಹಳ. ಗಾಳಿಗೆ ಗಂಡು-ಹೆಣ್ಣೆಂಬ ಭೇದ ತಿಳಿಯದು. ಕೂಸುಗಳನ್ನು ಕಟ್ಟಿಕೊಂಡು ಮನೆಯಲ್ಲೇ ಉಳಿದವರು, ಪರಗಂಡಸರು ತುಂಬಿದ ಆಸರೆಯ ಕಟ್ಟಡಕ್ಕೆ ಹೋಗಲು ಹಿಂಜರಿದವರು ನೀರಿನ ಪಾಲಾದರು.

ನಮ್ಮ ಎರೆಭೂಮಿಯಲ್ಲಿ ಆಪತ್ತು ಅಷ್ಟು ಸದ್ದು ಮಾಡಿ ಬರುವುದಿಲ್ಲ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ವರ್ಷ ಗಂಡಸರು ಗುಳೆ ಹೊರಡುತ್ತಾರೆ. ಗೋವಾ, ಬೆಂಗಳೂರು, ಎಲ್ಲಿ ಕಟ್ಟಡದ ಕೆಲಸ ಸಿಕ್ಕಿತೋ ಅಲ್ಲಿಗೆ. ಹೊಲ, ದನ, ಮುದುಕರು, ಶಾಲೆಯ ಮಕ್ಕಳು ಹೆಂಗಸಿನ ಪಾಲಿಗೆ. ಬಿತ್ತುವವಳು ಅವಳು, ಕಳೆ ತೆಗೆಯುವವಳು ಅವಳು, ಬೆಳೆ ಒಣಗಿದ್ದನ್ನು ಬದುವಿನ ಮೇಲೆ ನಿಂತು ನೋಡುವವಳೂ ಅವಳೇ. ಬೆಳೆ ಪರಿಹಾರ ಬರುವುದು ಮಾತ್ರ ಬೇರೆ ದಾರಿಯಲ್ಲಿ. ಮೊದಲ ಕಂತಾಗಿ ಸರ್ಕಾರ ರೈತರಿಗೆ ಗರಿಷ್ಠ 2,000 ರೂಪಾಯಿ ಕೊಟ್ಟಾಗ ಅದು ರೈತರ ನೋಂದಣಿಯ ‘ಫ್ರೂಟ್ಸ್’ ದಾಖಲೆ ನೋಡಿಕೊಂಡು ನೇರ ಖಾತೆಗೆ ಹೋಯಿತು. ಫ್ರೂಟ್ಸ್ ನಿಂತಿರುವುದು ಪಹಣಿಯ ಮೇಲೆ, ನಮ್ಮ ಕಡೆಯ ಮಾತಿನಲ್ಲಿ ಉತಾರ. ಉತಾರದಲ್ಲಿ ಇರುವುದು ಗಂಡನ ಹೆಸರು, ಮಾವನ ಹೆಸರು. ಎಷ್ಟೋ ಕಡೆ ತೀರಿಹೋದ ಅಜ್ಜನ ಹೆಸರು.

2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿದಾರರಲ್ಲಿ ಹೆಂಗಸರು ಸುಮಾರು ಶೇ. 14. ಅವರ ಕೈಯಲ್ಲಿರುವ ಭೂಮಿ ಶೇ. 12ರೊಳಗೆ. ಕಾಯ್ದೆ ಇಲ್ಲವೆಂದಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕ 1994ರಲ್ಲೇ ಹೇಳಿತು, ದೇಶ 2005ರಲ್ಲಿ. ಪಾಲು ಹಂಚುವ ದಿನ ಅಣ್ಣ-ತಮ್ಮಂದಿರ ಮುಖ ನೋಡಿ, ನಾಳೆ ತವರಿನ ಬಾಗಿಲು ಮುಚ್ಚೀತೆಂದು ಅಂಜಿ, ಅಕ್ಕ-ತಂಗಿಯರು ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿ ಅರಿಷಿಣ-ಕುಂಕುಮಕ್ಕೆ ಒಂದು ಸೀರೆ ತಗೊಂಡು ಹೋಗುತ್ತಾರೆ. ಮುಸ್ಲಿಂ ಹೆಂಗಸರ ಮಾತು ಇನ್ನೂ ತೊಡಕಿನದು. 1937ರ ಶರೀಯತ್ ಕಾಯ್ದೆಯನ್ನು ಬರೆದದ್ದೇ ಸಾಗುವಳಿ ಜಮೀನನ್ನು ಹೊರಗಿಟ್ಟು. ಬೀಬಿ ಫಾತಿಮಾ ಎಂಬ ಹೆಸರಿನ ಸಂಘವನ್ನು ಕೊಂಡಾಡುವವರಿಗೆ ಇಷ್ಟಾದರೂ ನೆನಪಿರಬೇಕು.

ಇದನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದರೆ ತೀರ್ಥದವರ ಕೆಲಸದ ತೂಕ ತಿಳಿಯುತ್ತದೆ. ಬೀಜದ ಮಾತನ್ನೇ ತೆಗೆದುಕೊಳ್ಳಿ. ಹಿಂದೆ ರಾಶಿಗೆ ಮೊದಲು ಒಳ್ಳೆಯ ತೆನೆ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯ ಬಾಯಿ ಕಟ್ಟುತ್ತಿದ್ದವಳು ಮನೆಯ ಹೆಂಗಸು. ಮುಂದಿನ ವರ್ಷ ಹೊಲಕ್ಕೆ ಏನು ಹೋಗಬೇಕೆಂಬ ಮಾತಿನಲ್ಲಿ ಅವಳದೂ ಒಂದು ದನಿ ಇತ್ತು. ಬೀಜ ಕಂಪನಿಯ ಪಾಕೀಟಿನಲ್ಲಿ ಬರತೊಡಗಿದ ಮೇಲೆ ತೀರ್ಮಾನ ಪೇಟೆಯ ಅಂಗಡಿಗೆ ಹೋಯಿತು, ಅಂಗಡಿಗೆ ಹೋಗುವವನು ಗಂಡಸು. ಸಾವಿ, ನವಣೆ, ನಡುವೆ ಅಕ್ಕಡಿ ಸಾಲಿನ ತೊಗರಿ ಇದ್ದ ಹೊಲಕ್ಕೆ ಹತ್ತಿಯೊಂದೇ ಬಂತು. ಮಳೆ ಹೋದರೆ ಎಲ್ಲವೂ ಒಟ್ಟಿಗೇ ಹೋಯಿತು. ಬೀಜ ಬ್ಯಾಂಕು ಈ ಹಾದಿಯನ್ನು ತಿರುಗಿಸಿದೆ. ಸುತ್ತಲಿನ ಹಳ್ಳಿಗಳ ಗಂಡಸರು ಬೀಜ ಕೇಳಿಕೊಂಡು ಹೆಂಗಸರ ಬಾಗಿಲಿಗೆ ಬರಬೇಕು. ಒಯ್ದವರ ಹೆಸರು, ಅಳತೆ ಬರೆದುಕೊಳ್ಳುವವರು ಹೆಂಗಸರು. ನಾಯಕತ್ವ ಎನ್ನುವುದಾದರೆ ನಾನು ಅದನ್ನು ಕಾಣುವುದು ಆ ಲೆಕ್ಕದ ಪುಸ್ತಕದಲ್ಲಿ. ಕರುಳ ನಂಟಿಗೆ ಲೆಕ್ಕದ ಪುಸ್ತಕ ಬೇಕಾಗುವುದಿಲ್ಲ.

ಎರಡನೆಯದು ಯಂತ್ರ. ಸಿರಿಧಾನ್ಯವನ್ನು ಮರಳಿ ತರೋಣ ಎಂಬ ಚಳವಳಿಗಳಲ್ಲಿ ಎಷ್ಟೋ ಸೋತದ್ದು ಒನಕೆಯ ಹತ್ತಿರ. ಬರವನ್ನು ತಾಳುವ ಬೆಳೆ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ, ಆ ತಾಳಿಕೆಯ ಬೆಲೆಯನ್ನು ರಟ್ಟೆಯಿಂದ ತೆರುವವಳನ್ನು ಯಾರೂ ಕೇಳುತ್ತಿರಲಿಲ್ಲ. ಸಿಪ್ಪೆ ಬಿಡಿಸುವ ಯಂತ್ರ ಊರಲ್ಲೇ, ಸಂಘದ್ದೇ ಇರುವಲ್ಲಿ ಸಾವಿ ಬೆಳೆಯೋಣ ಎಂಬ ಮಾತಿಗೆ ಹೆಂಗಸು ಮನಸಾರೆ ಹೂಂ ಅಂದಾಳು. ಹವಾಮಾನದ ಹೆಸರಿನಲ್ಲಿ ಬರುವ ಯಾವ ಯೋಜನೆಯನ್ನಾದರೂ ನಾನು ಇದೇ ಮೊರದಲ್ಲಿ ಕೇರಿ ನೋಡುತ್ತೇನೆ: ಹೆಂಗಸಿನ ದಿನದಿಂದ ಒಂದು ತಾಸು ಕೆಲಸ ಇಳಿಯಿತೋ, ಏರಿತೋ? ಗಿಡ ನೆಡಿ, ಕೆರೆ ಕಾಯಿರಿ, ಸಭೆಗೆ ಬನ್ನಿ ಎನ್ನುವ ಬಹಳಷ್ಟು ಯೋಜನೆಗಳು ಈ ಪರೀಕ್ಷೆಯಲ್ಲಿ ತೌಡಿನ ಜೊತೆ ಹಾರಿಹೋಗುತ್ತವೆ. ತೀರ್ಥದ ಘಟಕ ಮೊರದಲ್ಲಿ ಉಳಿಯುತ್ತದೆ.

ಇಷ್ಟಾದರೂ ಭೂಮಿಯ ಪ್ರಶ್ನೆ ಬೀಜದಿಂದ ಬಗೆಹರಿಯುವುದಿಲ್ಲ. 2019ರಲ್ಲಿ ಇದೇ ಪ್ರಶಸ್ತಿ ಪಡೆದದ್ದು ಬೀದರಿಗೆ ಹೊಂದಿಕೊಂಡಂತಿರುವ ತೆಲಂಗಾಣದ ಜಹೀರಾಬಾದ್ ಸೀಮೆಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅಲ್ಲಿನ ದಲಿತ ಹೆಂಗಸರ ಸಂಘಗಳು ಬೀಜದ ಜೊತೆಗೇ ನೆಲಕ್ಕೂ ಕೈಹಾಕಿದ್ದವು. ಪಾಳುಬಿದ್ದ ಹೊಲಗಳನ್ನು ಹಸನು ಮಾಡಿ, ಗುಂಪಾಗಿ ಗುತ್ತಿಗೆ ಹಿಡಿದು ಬೇಸಾಯ ಮಾಡಿದರು; ಬೆಳೆದ ಜೋಳವನ್ನು ತಮ್ಮದೇ ಪಡಿತರವಾಗಿ ಹಂಚಿಕೊಂಡರು. ನಮ್ಮಲ್ಲಿ ಆ ಹೆಜ್ಜೆ ಇನ್ನೂ ಬೀಳಬೇಕು. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು, ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಮೂರರಲ್ಲೊಂದು ಪಾಲಾದರೂ ಇರಲೇಬೇಕು. ಕುರ್ಚಿಗೆ ಕೊರತೆಯಿಲ್ಲ. ಕುರ್ಚಿಯ ಪಕ್ಕದಲ್ಲಿ ಅಧ್ಯಕ್ಷೆಯ ಗಂಡ ಇನ್ನೊಂದು ಕುರ್ಚಿ ಎಳೆದುಕೊಂಡು ಕೂರುವುದನ್ನು ಕಂಡ ನಮಗೆ, ಖಾತೆ ಮತ್ತು ಉತಾರ ಅವಳ ಹೆಸರಿಗಿಲ್ಲದ ಕಡೆ ಮೀಸಲಾತಿ ಎಷ್ಟು ದೂರ ನಡೆದೀತೆಂಬುದು ಗೊತ್ತಿದೆ.

ತೀರ್ಥದ ಹೆಂಗಸರನ್ನು ಸನ್ಮಾನಿಸಲು ಶಾಲು, ಹಾರ ಹಿಡಿದು ಹೋಗುವ ಅಧಿಕಾರಿಗಳು ಕುಂದಗೋಳದ ತಹಶೀಲ್ದಾರ್ ಕಚೇರಿಯ ಮೇಲಿಂದ ಹಾದುಹೋಗಲಿ. ಜಂಟಿ ಖಾತೆಯ ಅರ್ಜಿಗಳನ್ನು ಒಂದಷ್ಟು ಜೊತೆಗೆ ಒಯ್ಯಲಿ. ಮಳೆ ಮತ್ತೆ ಕೈಕೊಟ್ಟ ವರ್ಷ ಪರಿಹಾರದ ಹಣ ಜಮೆಯಾಗುವುದು ಉತಾರದಲ್ಲಿ ಹೆಸರಿದ್ದವರ ಖಾತೆಗೇ.