ನರಗುಂದದ ಗಲ್ಲು, ಲಖನೌದ ಎಲುಬು: 1858ರ ಛಾಯಾಚಿತ್ರಗಳ ಸಾಚಾತನ

ಯುದ್ಧಕಾಲದ ಕ್ರೌರ್ಯವನ್ನು ತೋರಿಸುವ ಛಾಯಾಚಿತ್ರಗಳನ್ನು ಕಣ್ಣುಮುಚ್ಚಿ ನಂಬುವವರೂ, ಅವನ್ನು ಹೊಂದಿಸಿ ತೆಗೆದದ್ದೆಂದು ತಳ್ಳಿಹಾಕುವವರೂ ಹೆಚ್ಚುಕಡಿಮೆ ಒಂದೇ ತಪ್ಪನ್ನು ಮಾಡುತ್ತಾರೆ. ಚಿತ್ರ ಹೇಗೆ ಹುಟ್ಟಿತು ಎಂಬುದು ಒಂದು ಪ್ರಶ್ನೆ, ಕೊಲೆ ನಡೆಯಿತೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉತ್ತರದಲ್ಲಿ ಮುಗಿಸಲು ಹೊರಟವರಿಗೆ ಎರಡೂ ದಕ್ಕುವುದಿಲ್ಲ. 1857-58ರ ಬಂಡಾಯದ ಚಿತ್ರಗಳನ್ನು, ಅದರಲ್ಲೂ ನರಗುಂದದಂಥ ಸ್ಥಳದ ಇತಿಹಾಸದೊಂದಿಗೆ ಇಟ್ಟು ನೋಡಿದಾಗ, ಈ ಮಾತು ಸ್ಪಷ್ಟವಾಗುತ್ತದೆ.

ಆ ಕಾಲದ ಅತ್ಯಂತ ಪ್ರಸಿದ್ಧ ಚಿತ್ರ ಫೆಲೀಸ್ ಬಿಯಾಟೊ ಲಖನೌದ ಸಿಕಂದರ್ ಬಾಗ್‌ನಲ್ಲಿ ತೆಗೆದದ್ದು. ಪಾಳುಬಿದ್ದ ಕಟ್ಟಡದ ಮುಂದಿನ ಅಂಗಳದಲ್ಲಿ ತಲೆಬುರುಡೆಗಳೂ ಎಲುಬುಗಳೂ ಚೆಲ್ಲಿವೆ. ಅವುಗಳ ನಡುವೆ ಕೆಲವು ಭಾರತೀಯರು ಅಲುಗಾಡದೆ ನಿಂತಿದ್ದಾರೆ. ಬ್ರಿಟಿಷ್ ಸೇನಾಪತಿ ಕಾಲಿನ್ ಕ್ಯಾಂಬೆಲ್ಲನ ಪಡೆ ಈ ತೋಟಕ್ಕೆ ನುಗ್ಗಿ ಸುಮಾರು ಎರಡು ಸಾವಿರ ಸಿಪಾಯಿಗಳನ್ನು ಕೊಂದದ್ದು 1857ರ ನವೆಂಬರ್ 16ರಂದು. ಬಿಯಾಟೊ ಭಾರತಕ್ಕೆ ಬಂದಿಳಿದದ್ದೇ 1858ರ ಫೆಬ್ರುವರಿಯಲ್ಲಿ. ಅಂದರೆ ಚಿತ್ರಕ್ಕೂ ಕೊಲೆಗೂ ನಡುವೆ ತಿಂಗಳುಗಳ ಅಂತರವಿದೆ. ಆಗ ಲಖನೌದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಕ್ಯಾಂಬೆಲ್ 1893ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ, ಮುಚ್ಚಿಹಾಕಿದ್ದ ಹೆಣಗಳ ರಾಶಿಯನ್ನು ಛಾಯಾಗ್ರಾಹಕನು ಹಟಹಿಡಿದು ಮತ್ತೆ ತೆರೆಸಿದನೆಂದು ಬರೆದಿದ್ದಾನೆ. ಬಿಯಾಟೊ ಬಳಸುತ್ತಿದ್ದುದು ಮೊಟ್ಟೆಯ ಬಿಳಿಯ ಲೇಪವಿದ್ದ ಗಾಜಿನ ಫಲಕಗಳನ್ನು. ಅವು ಬೆಳಕನ್ನು ಹೀರಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ, ಓಡುವ ಕುದುರೆಯನ್ನಾಗಲಿ ಎತ್ತಿದ ಕತ್ತಿಯನ್ನಾಗಲಿ ಅವುಗಳಲ್ಲಿ ಹಿಡಿದಿಡುವುದು ಸಾಧ್ಯವಿರಲಿಲ್ಲ. ಅಲುಗಾಡದ ಕಟ್ಟಡ ಮತ್ತು ಅಲುಗಾಡದ ಹೆಣ ಇವೆರಡೇ ಅವನ ಕ್ಯಾಮೆರಾಕ್ಕೆ ಸುಲಭವಾಗಿ ಒದಗುವ ವಸ್ತುಗಳಾಗಿದ್ದವು.

ಹಾಗಾದರೆ ಈ ಚಿತ್ರ ಸುಳ್ಳೇ? ಸಿಕಂದರ್ ಬಾಗ್‌ನ ಹತ್ಯೆ ಕೊಂದವರದೇ ಕಡತಗಳಲ್ಲಿ ದಾಖಲಾಗಿರುವುದರಿಂದ ಅದನ್ನು ಈ ಚಿತ್ರದಿಂದ ಸಾಬೀತುಪಡಿಸಬೇಕಾಗಿಲ್ಲ, ಚಿತ್ರವನ್ನು ಹೊಂದಿಸಿ ತೆಗೆದದ್ದೆಂಬ ಕಾರಣಕ್ಕೆ ಅಲ್ಲಗಳೆಯಲೂ ಆಗದು. ಚಿತ್ರ ನಿಜವಾಗಿ ಸಾಕ್ಷಿ ನುಡಿಯುವುದು ಬೇರೊಂದು ಸಂಗತಿಗೆ, ಅಂದರೆ ಸತ್ತ ಸಿಪಾಯಿಗಳ ಎಲುಬನ್ನು ಮಣ್ಣಿನಿಂದ ಮೇಲೆತ್ತಿ ಪ್ರದರ್ಶಿಸಬಹುದೆಂಬ ಗೆದ್ದವರ ನಿಶ್ಚಿಂತೆಗೆ. ಬ್ರಿಟಿಷರು ಸತ್ತ ಕಾನ್ಪುರದಲ್ಲಿ ಅದೇ ಬಿಯಾಟೊ ತೆಗೆದ ಚಿತ್ರಗಳಲ್ಲಿ ಕಾಣುವುದು ಗುಂಡೇಟಿಗೆ ಒಡೆದ ಗೋಡೆಗಳು ಮಾತ್ರ. ಒಂದು ಕಡೆಯ ಸಾವಿಗೆ ಖಾಲಿ ಕಟ್ಟಡದ ಗೌರವ, ಇನ್ನೊಂದು ಕಡೆಯ ಸಾವಿಗೆ ಬಯಲಿನ ಎಲುಬು ಎಂಬ ಈ ವ್ಯತ್ಯಾಸವು, ಹೆಣಗಳನ್ನು ಯಾರು ಸರಿಸಿದರು ಎಂಬುದಕ್ಕಿಂತ ಹೆಚ್ಚು ಗಂಭೀರವಾದ ಆಕ್ಷೇಪಕ್ಕೆ ಅರ್ಹವಾಗಿದೆ. ಎರಡು ವರ್ಷಗಳ ನಂತರ ಚೀನಾದ ಟಾಕು ಕೋಟೆಗಳಲ್ಲಿಯೂ ಬಿಯಾಟೊ, ತಾನು ಚಿತ್ರ ತೆಗೆಯುವವರೆಗೆ ಹೆಣಗಳನ್ನು ಮುಟ್ಟಬಾರದೆಂದು ಕೇಳಿಕೊಂಡನೆಂಬುದಕ್ಕೆ ಅಲ್ಲಿದ್ದ ಸೇನಾ ವೈದ್ಯನೊಬ್ಬನ ಬರಹವಿದೆ.

ನರಗುಂದದ ಸ್ಥಿತಿ ಇದಕ್ಕೆ ಪೂರ್ತಿ ಭಿನ್ನ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಅನುಮತಿ ನಿರಾಕರಿಸಿದ್ದರಿಂದ ಕೆರಳಿದ್ದ ನರಗುಂದದ ದೊರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಜನ 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು; ಅವನ ರುಂಡವನ್ನು ನರಗುಂದಕ್ಕೆ ತಂದು ಅಗಸಿಗೆ ತೂಗಹಾಕಲಾಯಿತು. ಕರ್ನಲ್ ಮಾಲ್ಕಮ್‌ನ ಪಡೆ ಜೂನ್ ಮೊದಲೆರಡು ದಿನಗಳಲ್ಲೇ ಊರನ್ನೂ ಕೋಟೆಯನ್ನೂ ಹಿಡಿಯಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಇದಾವುದನ್ನೂ ಕನ್ನಡಿಗರು ಛಾಯಾಚಿತ್ರದಿಂದ ತಿಳಿದದ್ದಲ್ಲ. ವರದಿ, ಗ್ಯಾಸೆಟಿಯರ್ ಮತ್ತು ಊರವರ ಬಾಯಿಮಾತಿನಿಂದ ತಿಳಿದದ್ದು. ಹಾಗೆಂದು ಈ ಸೀಮೆಗೆ ಕ್ಯಾಮೆರಾ ಬಂದೇ ಇರಲಿಲ್ಲವೆಂದೇನೂ ಅಲ್ಲ. ಮುಂಬಯಿ ಸರ್ಕಾರಕ್ಕಾಗಿ ಬಿಗ್ಸ್ ಮತ್ತು ಪಿಗೌ 1855ರಿಂದ 1857ರ ನಡುವೆ ಧಾರವಾಡ ಸೀಮೆಯ ಗುಡಿಗಳ ಚಿತ್ರ ತೆಗೆಯುತ್ತಿದ್ದರು. ಲಕ್ಕುಂಡಿ, ಗದಗ, ಡಂಬಳಗಳ ಆ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಅವರ ಬರಹದೊಡನೆ 1866ರಲ್ಲಿ ಗ್ರಂಥವಾಗಿ ಬಂದವು. ಯಾವ ಡಂಬಳದ ದೊಡ್ಡಬಸಪ್ಪ ಗುಡಿ ಪಿಗೌನ ಚಿತ್ರದಲ್ಲಿ ನಿರ್ಜನವಾಗಿ, ಪ್ರಶಾಂತವಾಗಿ ಕಾಣುತ್ತದೆಯೋ ಅದೇ ಡಂಬಳದ ಖಜಾನೆಯನ್ನು 1858ರ ಮೇ ತಿಂಗಳಲ್ಲಿ ಬಂಡಾಯದ ಮುಂದಾಳು ಮುಂಡರಗಿ ಭೀಮರಾಯನ ಕಡೆಯವರು ಒಡೆದರು. ಗುಡಿಯ ಚಿತ್ರದಲ್ಲಿ ಹೊಂದಿಸಿದ್ದು ಏನೂ ಇಲ್ಲ, ಅದರ ಸಾಚಾತನ ಪ್ರಶ್ನಾತೀತ; ಆದರೂ ಆ ಸೀಮೆ ಒಳಗೊಳಗೇ ಕುದಿಯುತ್ತಿತ್ತೆಂಬುದರ ಸುಳಿವೂ ಅದರಲ್ಲಿ ಸಿಗುವುದಿಲ್ಲ.

ಚಿತ್ರವಿಲ್ಲದ ಕ್ರೌರ್ಯವನ್ನು ಪರೀಕ್ಷಿಸುವ ಕೆಲಸ ಈ ಭಾಗದ ಇತಿಹಾಸಕಾರರಿಗೆ ಹೊಸದಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಹಿಡಿದಾಗ ಅಲ್ಲಿನ ಅಂದಿನ ದೊರೆ ವೆಂಕಟರಾವ್ ಭಾವೆಯ ಕುಟುಂಬಕ್ಕೆ ಏನಾಯಿತು ಎಂಬುದರಿಂದ ಹಿಡಿದು 1787ರ ಗಜೇಂದ್ರಗಡದ ಒಪ್ಪಂದದವರೆಗಿನ ಸಂಗತಿಗಳು ಹೆಚ್ಚಾಗಿ ಟಿಪ್ಪುವಿನ ವೈರಿಗಳ ಬರಹಗಳ ಮೂಲಕ ಬಂದವಾದ್ದರಿಂದ, ಅಲ್ಲಿ ಬರೆದವನಾರು, ಯಾವಾಗ ಬರೆದ, ಕಂಡು ಬರೆದನೋ ಕೇಳಿ ಬರೆದನೋ ಎಂದು ವಿಚಾರಿಸದೆ ಒಂದು ಹೆಜ್ಜೆಯನ್ನೂ ಮುಂದಿಡುವಂತಿಲ್ಲ. ಛಾಯಾಚಿತ್ರದ ಮುಂದೆ ಮಾತ್ರ ಈ ಎಚ್ಚರ ಏಕೋ ಸಡಿಲವಾಗುತ್ತದೆ.

ಬಂಡಾಯದ ಬೆನ್ನಲ್ಲೇ ಈ ಎಚ್ಚರವನ್ನು ತೋರಿದವನು ಎಡ್ವರ್ಡ್ ಲೆಕಿ. ಸಿಪಾಯಿಗಳು ಬಿಳಿಯ ಹೆಂಗಸರಿಗೂ ಮಕ್ಕಳಿಗೂ ಮಾಡಿದರೆನ್ನಲಾದ ಚಿತ್ರಹಿಂಸೆಯ ಕಥೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳಲ್ಲಿ ಬಹಳಷ್ಟು ಕಟ್ಟುಕಥೆಗಳೆಂದು ಅವನು 1859ರಲ್ಲಿ ಮುಂಬಯಿಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ. ಆಗಿನ ಅಚ್ಚಿನ ಚಿತ್ರಗಳೂ ಅಂಥ ಕಥೆಗಳಿಂದಲೇ ಬೆಳೆದವು. ಕಾನ್ಪುರದ ಜನರಲ್ ವ್ಹೀಲರ್‌ನ ಮಗಳು ಪಿಸ್ತೂಲು ಹಿಡಿದು ಸಿಪಾಯಿಗಳನ್ನು ಕೊಲ್ಲುತ್ತಿರುವ ಪ್ರಸಿದ್ಧ ಚಿತ್ರವನ್ನು ಕೆತ್ತಿದವನು ಆ ಘಟನೆಯನ್ನು ಕಂಡವನಲ್ಲ. ಕಥೆಯಲ್ಲಿ ಸತ್ತಳೆನ್ನಲಾದ ಆಕೆ ಬದುಕಿದ್ದಳೆಂಬ ಸಾಕ್ಷ್ಯ ಆಮೇಲೆ ಬಂತು. ಆದರೆ ಲೆಕಿಯ ವಿಧಾನದ ಹಿರಿಮೆಯಿರುವುದು ಅವನ ಸಂಶಯದಲ್ಲಷ್ಟೇ ಅಲ್ಲ, ಸಂಶಯಕ್ಕೆ ಅವನು ಹಾಕಿಕೊಂಡ ಎಲ್ಲೆಯಲ್ಲಿ. ಕಾನ್ಪುರದಲ್ಲಿ ಹತ್ಯೆ ನಡೆಯಿತೆಂಬುದನ್ನು ಅವನು ಅಲ್ಲಗಳೆಯಲಿಲ್ಲ, ಅದರ ಮೇಲೆ ಪೇರಿಸಿದ್ದನ್ನು ಮಾತ್ರ ಕಳಚಿದ.

ಇಂದಿನ ಯುದ್ಧಗಳ ಚಿತ್ರಗಳ ಬಗ್ಗೆ ಎದ್ದಿರುವ ಜಗಳಗಳಲ್ಲಿ ಕಾಣೆಯಾಗಿರುವುದು ಈ ಎಲ್ಲೆಯೇ. ಒಂದು ದೇಶದ ಹೆಣವನ್ನು ಇನ್ನೊಂದು ದೇಶದ್ದೆಂದು ಹಂಚುವವರಿದ್ದಾರೆ. ಅಂಥ ಒಂದು ಸುಳ್ಳು ಬಯಲಾದ ಕೂಡಲೇ, ನಿಜವಾಗಿ ಸತ್ತವರನ್ನೂ ನಟರೆಂದು ಕರೆಯುವವರಿದ್ದಾರೆ. ಎರಡನೆಯ ಅನ್ಯಾಯ ಮೊದಲನೆಯದಕ್ಕಿಂತ ದೊಡ್ಡದು, ಏಕೆಂದರೆ ಅದು ಸತ್ತವರಿಂದ ಅವರ ಸಾವನ್ನೂ ಕಸಿಯುತ್ತದೆ. ನರಗುಂದದ ಬಂಡಾಯವನ್ನು ಕುರಿತ ಪುಸ್ತಕದಲ್ಲೋ ಪ್ರದರ್ಶನದಲ್ಲೋ ಸಿಕಂದರ್ ಬಾಗ್‌ನ ಚಿತ್ರವನ್ನು ಬಳಸುವುದಾದರೆ, ಇದು ಲಖನೌ, ತೆಗೆದವನು ಬಿಯಾಟೊ, ತೆಗೆದದ್ದು ಕೊಲೆಯಾದ ತಿಂಗಳುಗಳ ನಂತರ, ಎಲುಬುಗಳನ್ನು ಚಿತ್ರಕ್ಕಾಗಿಯೇ ಹೊರತೆಗೆಯಲಾಯಿತು ಎಂಬ ನಾಲ್ಕು ಮಾತುಗಳನ್ನು ಅದರ ಕೆಳಗೆ ಅಚ್ಚುಹಾಕಬೇಕು. ಬಾಬಾಸಾಹೇಬನ ಗಲ್ಲಿನ ಪುಟಕ್ಕೆ ಬೇರೆಲ್ಲಿಯದೋ ಗಲ್ಲಿನ ಚಿತ್ರವನ್ನು ಎರವಲು ತರದೆ, ಅಲ್ಲಿ ಬರಹವನ್ನಷ್ಟೇ ಇಡಬೇಕು.